ಬ್ಯಾಚ್ ಕಡತಗಳ ಕಾಲ ಮತ್ತು ಅನಂತರ

"ಬ್ಯಾಚ್" ಎಂಬ ಪದ ಕಿವಿಗೆ ಬಿದ್ದೊಡನೆ ನನ್ನ ವಿದ್ಯಾರ್ಥಿಗಳಿಗೆ ನೆನಪಾಗುವುದು ತಾವು ಎಸ್.ಎಸ್.ಎಲ್.ಸಿ. ಮುಗಿಸಿದ ವರ್ಷ. "ಸಾರ್, ನಾನು 96ರ ಬ್ಯಾಚು" ಎಂದೇ ಅನೇಕರು ದೂರವಾಣಿಯಲ್ಲಿ ಮಾತು ಆರಂಭಿಸುತ್ತಾರೆ. ಇಂಗ್ಲಿಷಿನಲ್ಲಿ ಈ ಪದದ ಮೂಲ ಅಡುಗೆಮನೆಯದು. ರೊಟ್ಟಿ ಸುಡುವುದಕ್ಕೆ ಅವರು ಬಳಸುವ "ಬೇಕ್" ಎಂಬ ಧಾತುವಿಗೆ ಸಂಬಂಧಪಟ್ಟದ್ದು ಅದು. ಒಂದು ಸಲಕ್ಕೆ ಒಲೆಯೊಳಗೆ ಹೋಗುವಷ್ಟು ರೊಟ್ಟಿಗಳ ಗುಂಪೇ ಒಂದು ಬ್ಯಾಚು. ಗಣಕಯಂತ್ರದ ಜಗತ್ತಿಗೆ ಈ ಪದ ಹೋದದ್ದೂ ಇದೇ ಅರ್ಥದಲ್ಲಿ: ಒಟ್ಟಿಗೆ ಒಲೆಗೆ ಹಾಕಿ, ಬೆಂದ ಮೇಲೆ ಒಟ್ಟಿಗೆ ಹೊರತೆಗೆಯುವ ಕೆಲಸಗಳ ಗುಂಪು.

ನಿಮ್ಮಲ್ಲಿ ಬಹಳಷ್ಟು ಮಂದಿ ಇಂದು ತಂತ್ರಾಂಶದ ಉದ್ಯೋಗದಲ್ಲಿದ್ದೀರಿ. ಬ್ಯಾಚ್ ಕಡತ ಎಂದರೇನೆಂದು ನಿಮಗೆ ನಾನು ವಿವರಿಸಹೊರಟರೆ ಅಜ್ಜಿಗೆ ಕೆಮ್ಮು ಕಲಿಸಿದಂತಾದೀತು. ಆದರೆ ನಮ್ಮ ಬಂಧುವರ್ಗದಲ್ಲಿ ಅದನ್ನು ಕಾಣದವರೂ ಇದ್ದಾರೆ. ಅವರಿಗಾಗಿ ಎರಡು ಮಾತು. ಗಣಕಕ್ಕೆ ಕೀಲಿಮಣೆಯಿಂದ ಒಂದೊಂದಾಗಿ ಕೊಡುವ ಆಜ್ಞೆಗಳನ್ನು, ಎಂದರೆ ಈ ಕಡತವನ್ನು ಅಲ್ಲಿಗೆ ನಕಲಿಸು, ಇದನ್ನು ಅಳಿಸು, ಆ ಪಟ್ಟಿಯನ್ನು ಮುದ್ರಿಸು ಎಂಬಂಥವನ್ನು, ಸಾಲಾಗಿ ಬರೆದಿಟ್ಟು ಆ ಬರಹಕ್ಕೊಂದು ಹೆಸರು ಕೊಟ್ಟರೆ ಅದೇ ಬ್ಯಾಚ್ ಕಡತ. ಮರುದಿನ ಹೆಸರು ಹೇಳಿದರೆ ಸಾಕು, ಯಂತ್ರ ಆ ಸಾಲುಗಳನ್ನು ಒಂದೊಂದಾಗಿ ನಡೆಸಿಕೊಂಡು ಹೋಗುತ್ತದೆ. ಇದರ ಮುಂದಿನ ತಲೆಮಾರಿನವು ಸ್ಕ್ರಿಪ್ಟುಗಳು. ಲೆಕ್ಕ, ಆಯ್ಕೆ, ಪುನರಾವರ್ತನೆ, ಪಠ್ಯವನ್ನು ಒಡೆದು ಜೋಡಿಸುವ ವಿದ್ಯೆ ಇವೆಲ್ಲ ಕೂಡಿಬಂದವು. ನೇಗಿಲಿಗೆ, ರಾಟೆಗೆ, ತಕ್ಕಡಿಗೆ ಇತಿಹಾಸವಿರುವಂತೆ ಈ ಸಲಕರಣೆಗಳಿಗೂ ಒಂದು ಇತಿಹಾಸವಿದೆ. ಸಮಾಜವಿಜ್ಞಾನದ ಮೇಷ್ಟರಾಗಿದ್ದ ನಾನು ಅದನ್ನು ಒಂದೇ ಪ್ರಶ್ನೆಯ ಬೆನ್ನು ಹಿಡಿದು ಓದಿದ್ದೇನೆ: ಹಿಂದಿನ ಸಾಲಿನಲ್ಲಿ ಏನು ಘಟಿಸಿತೆಂಬುದು ಮುಂದಿನ ಸಾಲಿಗೆ ತಿಳಿಯುತ್ತದೆಯೆ?

ಮೊದಲು 1950ರ ದಶಕಕ್ಕೆ ಹೋಗೋಣ. ಅಂದಿನ ಗಣಕಗಳು ಕೊಠಡಿಯನ್ನೇ ತುಂಬುತ್ತಿದ್ದವು; ಅವುಗಳ ಒಂದು ಗಂಟೆಯ ಬೆಲೆ ಮನುಷ್ಯನ ಒಂದು ಗಂಟೆಯ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಒಬ್ಬರ ಕೆಲಸ ಮುಗಿದು ಇನ್ನೊಬ್ಬರ ಕಾರ್ಡುಗಳನ್ನು ತುಂಬುವಷ್ಟರಲ್ಲಿ ಯಂತ್ರ ಸುಮ್ಮನೆ ಕುಳಿತಿದ್ದರೆ ಅದೇ ದೊಡ್ಡ ನಷ್ಟ. 1956ರಲ್ಲಿ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಗಳು ತಮ್ಮ ಐಬಿಎಂ 704 ಯಂತ್ರಕ್ಕಾಗಿ ರೂಪಿಸಿಕೊಂಡ ವ್ಯವಸ್ಥೆ, ಒಂದು ಕೆಲಸ ಮುಗಿದೊಡನೆ ಮುಂದಿನದನ್ನು ತಾನೇ ಎತ್ತಿಕೊಳ್ಳುತ್ತಿತ್ತು. 1964ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಂ 360 ಯಂತ್ರಮಾಲೆಗೆ ಈ ಬಗೆಯ ಆಜ್ಞೆಗಳನ್ನು ಬರೆಯಲು ಜೆಸಿಎಲ್ ಎಂಬ ಪ್ರತ್ಯೇಕ ಭಾಷೆಯೇ ಬಂತು. ಹಿಂದಿನ ಹಂತದ ಫಲವನ್ನು ಪರೀಕ್ಷಿಸುವ ಏರ್ಪಾಡು ಅದರಲ್ಲಿತ್ತು, ನಿಜ. ಆದರೆ ಅದು ತಲೆಕೆಳಗಾಗಿತ್ತು: ಷರತ್ತು ನಿಜವಾದರೆ ಹಂತ ನಡೆಯುವುದಲ್ಲ, ಬಿಟ್ಟುಹೋಗುವುದು! ಆ ವ್ಯವಸ್ಥೆಯ ನಿರ್ಮಾಣದ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ ಅವರೇ ಎಷ್ಟೋ ವರ್ಷಗಳ ಮೇಲೆ, ಎಲ್ಲಿಯೂ ಯಾರೂ ರೂಪಿಸಿದ ಗಣಕಭಾಷೆಗಳಲ್ಲೆಲ್ಲ ಅತಿ ಕೆಟ್ಟದ್ದು ಅದೇ, ಅದೂ ತನ್ನ ಉಸ್ತುವಾರಿಯಲ್ಲೇ ಆಯಿತು ಎಂದು ಒಪ್ಪಿಕೊಂಡರು. ತಾವು ರೂಪಿಸುತ್ತಿರುವುದು ಒಂದು ಭಾಷೆ ಎಂದು ಅದರ ಕರ್ತೃಗಳಿಗೆ ಹೊಳೆದೇ ಇರಲಿಲ್ಲ, ಕೆಲವು ನಿಯಂತ್ರಣದ ಕಾರ್ಡುಗಳು ಎಂದಷ್ಟೇ ತಿಳಿದಿದ್ದರು ಎಂಬುದು ಅವರು ಕೊಟ್ಟ ಕಾರಣ. ಈ ಮಾತನ್ನು ನೆನಪಿನಲ್ಲಿಡಿ. ಇದೇ ಕಥೆ ಮತ್ತೆ ಬರುತ್ತದೆ.

ಅದೇ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ಲೂಯಿ ಪೂಜಾನ್ ಎಂಬ ಫ್ರೆಂಚ್ ತಜ್ಞರು, ಕೀಲಿಮಣೆಯ ಮುಂದೆ ಕುಳಿತವನು ತನ್ನ ಆಜ್ಞೆಗಳನ್ನು ಕಡತದಲ್ಲಿ ಬರೆದಿಟ್ಟು ನಡೆಸುವಂತೆ "ರನ್‌ಕಾಂ" ಎಂಬ ಸಾಧನವನ್ನು ಮಾಡಿದರು. ಆಜ್ಞೆಗಳನ್ನು ಓದಿ ನಡೆಸುವ ತಂತ್ರಾಂಶಕ್ಕೆ "ಶೆಲ್", ಅಂದರೆ ಚಿಪ್ಪು, ಎಂಬ ಹೆಸರಿಟ್ಟವರೂ ಅವರೇ. ಯೂನಿಕ್ಸ್ ಬಲ್ಲವರು ಇಂದಿಗೂ ಅನೇಕ ಕಡತಗಳ ಹೆಸರಿನ ಕೊನೆಯಲ್ಲಿ ಕಾಣುವ "ಆರ್‌ಸಿ" ಎಂಬ ಎರಡಕ್ಷರ ಆ ರನ್‌ಕಾಂನ ಪಳೆಯುಳಿಕೆ.

ನಮ್ಮ ಕಚೇರಿಗಳಿಗೂ ಶಾಲೆಗಳಿಗೂ ಬಂದ ಗಣಕಗಳ ವಂಶ ಬೇರೆ. ಗ್ಯಾರಿ ಕಿಲ್ಡಾಲ್ 1974ರಲ್ಲಿ ರೂಪಿಸಿದ ಸಿಪಿ/ಎಂ ವ್ಯವಸ್ಥೆಯಲ್ಲಿ ಆಜ್ಞಾಪಟ್ಟಿಯನ್ನು ನಡೆಸಲು "ಸಬ್‌ಮಿಟ್" ಎಂಬುದಿತ್ತು. 1981ರ ಆಗಸ್ಟ್‌ನಲ್ಲಿ ಐಬಿಎಂ ಪಿಸಿಯ ಜೊತೆಗೆ ಡಾಸ್ ಬಂದಾಗ ಬ್ಯಾಚ್ ಕಡತವೂ ಬಂತು. ಆ ಪಿಸಿಯ ಅತಿ ಅಗ್ಗದ ಮಾದರಿಯಲ್ಲಿದ್ದ ಸ್ಮೃತಿ ಕೇವಲ 16 ಕಿಲೋಬೈಟು. ಆಜ್ಞೆಗಳನ್ನು ಅರ್ಥೈಸುತ್ತಿದ್ದ ಕಮಾಂಡ್.ಕಾಂ ಎಂಬ ತಂತ್ರಾಂಶದ ಗಾತ್ರ 3 ಕಿಲೋಬೈಟಿಗಿಂತ ತುಸು ಹೆಚ್ಚು, ಅಷ್ಟೇ. ಇಷ್ಟು ಇಕ್ಕಟ್ಟಿನಲ್ಲಿ ಒಂದು ಭಾಷೆಯನ್ನು ಹುದುಗಿಸುವುದೆಲ್ಲಿ ಬಂತು! ಮೊದಲ ಡಾಸ್‌ನ ಬ್ಯಾಚ್ ಕಡತಕ್ಕೆ ತನ್ನದೆಂದು ಇದ್ದ ಮಾತುಗಳು ಟಿಪ್ಪಣಿ ಬರೆಯುವ "ರೆಮ್" ಮತ್ತು ಕಾಯಿರಿ ಎನ್ನುವ "ಪಾಸ್" ಮಾತ್ರ. 1983ರ ಮಾರ್ಚ್‌ನಲ್ಲಿ ಬಂದ ಡಾಸ್ 2.0 ಅದಕ್ಕೆ "ಇಫ್", "ಗೋಟು", "ಫಾರ್", "ಎಕೋ", "ಶಿಫ್ಟ್" ಎಂಬ ಐದು ಮಾತುಗಳನ್ನು ಸೇರಿಸಿತು. ಮುಂದಿನ ಹತ್ತು ವರ್ಷ ಲೋಕದ ಲಕ್ಷಾಂತರ ಮಂದಿ ಈ ಬೆರಳೆಣಿಕೆಯ ಮಾತುಗಳಲ್ಲೇ ಸಂಸಾರ ಮಾಡಿದರು.

ಆ ಸಂಸಾರದ ಒಳಗುಟ್ಟು ಸ್ವಾರಸ್ಯವಾಗಿದೆ. ಕಮಾಂಡ್.ಕಾಂ ಬ್ಯಾಚ್ ಕಡತವನ್ನು ಒಮ್ಮೆಗೇ ಓದಿ ಮನಸ್ಸಿನಲ್ಲಿಟ್ಟುಕೊಳ್ಳುತ್ತಿರಲಿಲ್ಲ. ಒಂದು ಸಾಲನ್ನು ಓದಿ, ಕಡತವನ್ನು ಮುಚ್ಚಿ, ಆ ಸಾಲನ್ನು ನಡೆಸಿ, ಮತ್ತೆ ಕಡತವನ್ನು ತೆರೆದು, ಹಿಂದೆ ನಿಂತ ಜಾಗವನ್ನು ಹುಡುಕಿ ಮುಂದಿನ ಸಾಲನ್ನು ಓದುತ್ತಿತ್ತು. ನಡುವೆ ನೀವು ಫ್ಲಾಪಿಯನ್ನು ಬದಲಾಯಿಸಿದಿರೋ, "ಬ್ಯಾಚ್ ಕಡತವಿರುವ ಡಿಸ್ಕನ್ನು ಹಾಕಿ" ಎಂಬ ಕೋರಿಕೆ ಪರದೆಯ ಮೇಲೆ ಬರುತ್ತಿತ್ತು. "ಗೋಟು" ಎಂದರೆ ಇನ್ನೂ ಸೋಜಿಗ: ಕಡತದ ಆರಂಭದಿಂದ ಸಾಲುಸಾಲಾಗಿ ಹುಡುಕುತ್ತಾ ಆ ಗುರುತು ಸಿಗುವವರೆಗೆ ನಡೆಯುವುದು. ಗುರುತಿನ ಹೆಸರಿನಲ್ಲಿ ಮೊದಲ 8 ಅಕ್ಷರಗಳಿಗೆ ಮಾತ್ರ ಬೆಲೆ. ಒಂದು ಬ್ಯಾಚ್ ಕಡತ ಇನ್ನೊಂದನ್ನು ಕರೆದರೆ ಹೋದದ್ದು ಹೋಗಿಯೇ ಬಿಟ್ಟಿತು, ಹಿಂದಿರುಗಿ ಬರುವುದಿಲ್ಲ. ಮರಳಿ ಬರುವ "ಕಾಲ್" ಎಂಬ ಆಜ್ಞೆ ಸಿಕ್ಕಿದ್ದು 1987ರ ಡಾಸ್ 3.3ರಲ್ಲಿ. ಕೂಡು, ಕಳೆ ಎಂಬ ಲೆಕ್ಕ ಇಲ್ಲವೇ ಇಲ್ಲ. ಹೌದೋ ಅಲ್ಲವೋ ಎಂದು ಬಳಕೆದಾರನನ್ನು ಕೇಳುವ "ಚಾಯ್ಸ್" 1993ರ ಡಾಸ್ 6ರವರೆಗೆ ಕಾಯಿಸಿತು.

ಶಾಲಾ ವಾರ್ಷಿಕೋತ್ಸವದಲ್ಲಿ ಪದ್ಯ ಒಪ್ಪಿಸುವ ಎಳೆಯ ಮಕ್ಕಳನ್ನು ನೀವೆಲ್ಲ ನೋಡಿದ್ದೀರಿ. ಬಾಯಿಪಾಠ ಮಾಡಿಕೊಂಡ ಮಗು ಧ್ವನಿವರ್ಧಕ ಕೆಟ್ಟರೂ, ದೀಪ ಆರಿದರೂ, ಮುಂದಿನ ಸಾಲನ್ನು ಹೇಳುತ್ತಲೇ ಇರುತ್ತದೆ. ಬ್ಯಾಚ್ ಕಡತದ ಸ್ವಭಾವವೂ ಅದೇ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ 1990ರ ದಶಕದ ಕೊನೆಯಲ್ಲಿ ಇದು ಒಬ್ಬರ ಮಾನದ ಪ್ರಶ್ನೆಯಾಯಿತು. ಕಚೇರಿಗೆ ಒಂದು ಡಾಸ್ ಗಣಕ ಬಂದಿತ್ತು. ಆಂತರಿಕ ಅಂಕಗಳ ಕಡತವನ್ನು ದಿನವೂ ಸಂಜೆ ಫ್ಲಾಪಿಗೆ ವರ್ಗಾಯಿಸಲು, ಯಂತ್ರ ಒದಗಿಸಿದವರ ಕಡೆಯ ಹುಡುಗನೊಬ್ಬ ಮೂರು ಸಾಲಿನ ಬ್ಯಾಚ್ ಕಡತ ಬರೆದುಕೊಟ್ಟಿದ್ದ. ಮೊದಲ ಸಾಲು, ಕಡತವನ್ನು ಫ್ಲಾಪಿಗೆ ನಕಲಿಸು. ಎರಡನೆಯದು, ಯಂತ್ರದಲ್ಲಿರುವ ಮೂಲವನ್ನು ಅಳಿಸು. ಮೂರನೆಯದು, ಪರದೆಯನ್ನು ಶುಚಿಮಾಡು. ಒಂದು ಸಂಜೆ ಫ್ಲಾಪಿ ತುಂಬಿತ್ತು. "ಸಾಕಷ್ಟು ಜಾಗವಿಲ್ಲ, 0 ಕಡತ ನಕಲಾಯಿತು" ಎಂದು ಯಂತ್ರ ಹೇಳಿಯೇ ಇರಬೇಕು. ಹೇಳಿ, ಮೂಲವನ್ನು ಅಳಿಸಿ, ಹೇಳಿದ ಮಾತನ್ನೂ ಪರದೆಯಿಂದ ಒರೆಸಿತು. ಅಳಿಸಿದ್ದನ್ನು ಮರಳಿ ಪಡೆಯುವ ವಿದ್ಯೆ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಗುಮಾಸ್ತರಿಗೆ ಕಾರಣ ಕೇಳಿ ನೋಟಿಸು ಹೋಯಿತು. ಆ ಸಜ್ಜನರು ಎಂದಿನಂತೆ ಒಂದು ಹೆಸರನ್ನು ಟೈಪಿಸಿ ಎಂಟರ್ ಒತ್ತಿದ್ದರು, ಅದಕ್ಕಿಂತ ಹೆಚ್ಚೇನೂ ಮಾಡಿರಲಿಲ್ಲ. ಕೈಬರಹದ ದಾಖಲೆಗಳಿಂದ ಅಂಕಗಳನ್ನು ಮತ್ತೆ ತುಂಬಲು ನಮಗೆ ನಾಲ್ಕು ದಿನ ಬೇಕಾಯಿತು; ನೋಟಿಸಿನ ಕಹಿ ಅವರ ಮನಸ್ಸಿನಿಂದ ನಿವೃತ್ತಿಯವರೆಗೂ ಹೋಗಲಿಲ್ಲ.

ಅಂದಿನ ಡಾಸ್‌ನಲ್ಲಿ ಇದಕ್ಕೆ ಪರಿಹಾರವಿರಲಿಲ್ಲವೆ? ಇತ್ತು, ಆದರೆ ಬಳಸುದಾರಿಯದು. ಒಂದು ತಂತ್ರಾಂಶ ಮುಗಿಯುವಾಗ ಬಿಟ್ಟುಹೋಗುವ ಫಲಸೂಚಕ ಅಂಕಿಯನ್ನು "ಎರರ್‌ಲೆವೆಲ್" ಎಂಬುದರಿಂದ ನೋಡಬಹುದಿತ್ತು. ವಿಚಿತ್ರವೆಂದರೆ "ಇಫ್ ಎರರ್‌ಲೆವೆಲ್ 1" ಎಂಬುದರ ಅರ್ಥ ಒಂದಕ್ಕೆ ಸಮ ಎಂದಲ್ಲ, ಒಂದು ಅಥವಾ ಅದಕ್ಕಿಂತ ಹೆಚ್ಚು ಎಂದು; ಹಾಗಾಗಿ ದೊಡ್ಡ ಅಂಕಿಯಿಂದ ಕೆಳಕ್ಕೆ ಇಳಿಯುತ್ತಾ ಪರೀಕ್ಷಿಸಬೇಕು. ಅದಕ್ಕೂ ಮೇಲೆ, ನಕಲಿಸುವ "ಕಾಪಿ" ಆಜ್ಞೆ ಕಮಾಂಡ್.ಕಾಂನ ಒಡಲೊಳಗಿನದಾದ್ದರಿಂದ ಅದು ಆ ಅಂಕಿಯನ್ನು ಬಿಟ್ಟುಹೋಗುತ್ತಲೇ ಇರಲಿಲ್ಲ! ಫ್ಲಾಪಿಯಲ್ಲಿ ಕಡತ ಇದೆಯೇ ಎಂದು "ಇಫ್ ಎಕ್ಸಿಸ್ಟ್" ಮೂಲಕ ನೋಡಿ ಅನಂತರ ಅಳಿಸುವುದೇ ಬಲ್ಲವರ ಮಾರ್ಗ. ಬಲ್ಲವರು ಇಂಥ ನೂರು ಉಪಾಯಗಳನ್ನು ಕಂಡುಕೊಂಡಿದ್ದರು. ಅಮೆರಿಕದ ಗಣಕ ಪತ್ರಿಕೆಗಳು "ಡಿಬಗ್" ಎಂಬ ಸಲಕರಣೆಯಿಂದ ಯಂತ್ರಭಾಷೆಯ ಪುಟ್ಟ ಸಹಾಯಕಗಳನ್ನು ಮನೆಯಲ್ಲೇ ತಯಾರಿಸುವ ಪಟ್ಟಿಗಳನ್ನು ಅಚ್ಚುಹಾಕುತ್ತಿದ್ದವು. 1989ರಲ್ಲಿ ಬಂದ 4ಡಾಸ್ ಎಂಬುದು ಕಮಾಂಡ್.ಕಾಂನ ಜಾಗದಲ್ಲಿ ಕುಳಿತು ಬ್ಯಾಚ್ ಕಡತಕ್ಕೆ ಲೆಕ್ಕವನ್ನೂ ಪ್ರಶ್ನೆ ಕೇಳುವುದನ್ನೂ ಕಲಿಸಿತು. ಆ ಜಾಣ್ಮೆಯನ್ನು ನಾನು ಮೆಚ್ಚುತ್ತೇನೆ. ಆದರೂ ಹರಿದ ಚೀಲಕ್ಕೆ ತೇಪೆಯ ಮೇಲೆ ತೇಪೆ ಹಾಕಿದಂತೆಯೇ ಅದು.

ಇದೇ ಕಾಲದಲ್ಲಿ ಸಮುದ್ರದ ಅದೇ ದಡದಲ್ಲಿ, ಬೆಲ್ ಪ್ರಯೋಗಾಲಯದ ಯೂನಿಕ್ಸ್ ಮನೆಯಲ್ಲಿ, ಕಥೆ ಬೇರೆಯಾಗಿ ಸಾಗಿತ್ತು. ಕೆನ್ ಥಾಂಪ್ಸನ್ ಅವರ 1971ರ ಶೆಲ್ ಕೂಡ ಬಡವನೇ. ಅದರ "ಇಫ್" ಮತ್ತು "ಗೋಟು" ಶೆಲ್‌ನ ಹೊರಗಿನ ಪ್ರತ್ಯೇಕ ತಂತ್ರಾಂಶಗಳಾಗಿದ್ದವು. 1973ರಲ್ಲಿ ಡಗ್ ಮೆಕಿಲ್‌ರಾಯ್ ಅವರ ಒತ್ತಾಸೆಯಿಂದ, ಒಂದರ ಹೊರಹರಿವನ್ನು ಇನ್ನೊಂದರ ಒಳಹರಿವಾಗಿಸುವ "ಪೈಪ್" ಬಂತು. 1979ರಲ್ಲಿ ಸ್ಟೀಫನ್ ಬೋರ್ನ್ ಅವರ ಶೆಲ್ ಬಂದಾಗ ಆಜ್ಞಾಪಟ್ಟಿ ನಿಜವಾದ ಭಾಷೆಯಾಯಿತು. ಆಲ್ಗಾಲ್ 68ರ ಅಭಿಮಾನಿಯಾದ ಬೋರ್ನ್ "ಇಫ್" ಅನ್ನು ಅದನ್ನೇ ತಿರುಗಿಸಿದ "ಫಿ"ಯಿಂದ ಮುಚ್ಚಿದರು, "ಕೇಸ್" ಅನ್ನು "ಎಸ್ಯಾಕ್"ನಿಂದ. "ಡು" ಅನ್ನು ಮಾತ್ರ "ಓಡಿ"ಯಿಂದ ಮುಚ್ಚಲಾಗಲಿಲ್ಲ. ಆ ಹೆಸರಿನ ಆಜ್ಞೆಯೊಂದು ಆಗಲೇ ಇತ್ತು! ಇರಲಿ. ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಬೇರೆ. ಯೂನಿಕ್ಸ್‌ನಲ್ಲಿ ಪ್ರತಿಯೊಂದು ಕೆಲಸವೂ ಮುಗಿಯುವಾಗ ಫಲವನ್ನು ತಿಳಿಸುವುದು ಸಂಪ್ರದಾಯ: ಸೊನ್ನೆ ಎಂದರೆ ಸುಖಾಂತ. ಎರಡು ಆಜ್ಞೆಗಳ ನಡುವೆ ಎರಡು "ಆಂಪರ್‌ಸ್ಯಾಂಡ್" ಚಿಹ್ನೆಗಳನ್ನು ಇಟ್ಟರೆ, ಮೊದಲನೆಯದು ಸಫಲವಾದರೆ ಮಾತ್ರ ಎರಡನೆಯದು ನಡೆಯುತ್ತದೆ. ನಕಲಿಸು, ನಕಲಾದರೆ ಅಳಿಸು. ನಮ್ಮ ಗುಮಾಸ್ತರ ನೋಟಿಸನ್ನು ತಪ್ಪಿಸಬಹುದಾಗಿದ್ದ ಆ ಎರಡು ಚಿಹ್ನೆಗಳು, ಅವರ ಸಂಕಟಕ್ಕೆ ಸುಮಾರು ಎರಡು ದಶಕ ಮೊದಲೇ ಲೋಕದಲ್ಲಿದ್ದವು. ಡಾಸ್‌ಗೆ ಅವು ಬರಲೇ ಇಲ್ಲ.

ಶೆಲ್‌ಗೂ ಮಿತಿಗಳಿದ್ದವು. ಆಹೋ, ವೈನ್‌ಬರ್ಗರ್, ಕರ್ನಿಗನ್ ಎಂಬ ಮೂವರು 1977ರಲ್ಲಿ ಮಾಡಿದ "ಆಕ್" ಪಠ್ಯವನ್ನು ಅಂಕಣಗಳಾಗಿ ಒಡೆಯುವುದರಲ್ಲಿ ನಿಪುಣ. ಆದರೂ ಹಲವು ಕಡತಗಳಲ್ಲಿ ಚದುರಿದ ಮಾಹಿತಿಯನ್ನು ಹೆಕ್ಕಿ ವರದಿ ಮಾಡಬೇಕಾಗಿ ಬಂದಾಗ ಲ್ಯಾರಿ ವಾಲ್ ಅವರಿಗೆ ಅದು ಸಾಲದಾಯಿತು. 1987ರ ಡಿಸೆಂಬರ್‌ನಲ್ಲಿ ಅವರು ಪರ್ಲ್ ಭಾಷೆಯನ್ನು ಬಿಡುಗಡೆ ಮಾಡಿದರು. ಈ ವಾಲ್ ಅವರ ಪೂರ್ವಾಶ್ರಮ ಭಾಷಾಶಾಸ್ತ್ರದ್ದು. ಪತ್ನಿಯೊಡನೆ ಆಫ್ರಿಕಕ್ಕೆ ಹೋಗಿ, ಲಿಪಿಯಿಲ್ಲದ ಭಾಷೆಯೊಂದಕ್ಕೆ ಲಿಪಿ ರೂಪಿಸಬೇಕೆಂಬ ಸಂಕಲ್ಪವಿತ್ತು. ಆರೋಗ್ಯದ ಕಾರಣ ಅದು ಕೈಗೂಡಲಿಲ್ಲ. ಬಹುಶಃ ಅದರಿಂದಲೇ ಪರ್ಲ್‌ಗೆ ಆಡುಮಾತಿನ ಸಲಿಗೆ ಬಂತೇನೋ. ಪರ್ಲ್ ಬರೆಯುವವರೆಲ್ಲರಿಗೂ ಕಂಠಪಾಠವಾದ ಒಂದು ಸಾಲಿದೆ, ಅದರ ಭಾವ ಇಷ್ಟೆ: "ಕಡತವನ್ನು ತೆರೆ, ಇಲ್ಲವೇ ಸಾಯಿ!" ಕಡತ ತೆರೆಯದಿದ್ದರೆ ಕಾರಣವನ್ನು ಹೇಳಿ ಅಲ್ಲಿಗೇ ಪ್ರಾಣಬಿಡು, ಮುಂದಿನ ಅನಾಹುತಕ್ಕೆ ಕೈಹಾಕಬೇಡ ಎಂದು.

ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆಯಲ್ಲಿದ್ದ ಗೈಡೋ ವಾನ್ ರೋಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಆರಂಭಿಸಿ 1991ರ ಫೆಬ್ರವರಿಯಲ್ಲಿ ಹೊರತಂದ ಪೈಥಾನ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಿ ಭಾಷೆಗೂ ಶೆಲ್‌ಗೂ ನಡುವಿನ ಕಂದಕವನ್ನು ತುಂಬುವುದು ಅವರ ಉದ್ದೇಶ. ಅದರ ಹೆಸರು ಹೆಬ್ಬಾವಿನದಲ್ಲ, ಬ್ರಿಟಿಷ್ ದೂರದರ್ಶನದ ಒಂದು ಹಾಸ್ಯ ಕಾರ್ಯಕ್ರಮದ್ದು ಎಂಬುದು ನಿಮಗೆ ಗೊತ್ತೇ ಇದೆ. ಸಾಲುಗಳನ್ನು ಅಂಚಿನಿಂದ ಒಂದೇ ಅಳತೆಗೆ ಸರಿಸಿ ಬರೆಯದಿದ್ದರೆ ಅದು ಒಪ್ಪುವುದೇ ಇಲ್ಲ. ನೋಟುಪುಸ್ತಕದಲ್ಲಿ ಅಂಚು ಬಿಟ್ಟು ಬರೆಯಿರಿ ಎಂದು ಮೂವತ್ತು ವರ್ಷ ಗೋಗರೆದ ನನ್ನಂಥವನಿಗೆ ಇದು ಪ್ರಿಯವಾದ ಸಂಗತಿ. ಆದರೆ ದೊಡ್ಡ ಮಾತು ಇನ್ನೊಂದಿದೆ. ಬ್ಯಾಚ್ ಕಡತದಲ್ಲಿ ನೀವು ತಪ್ಪಿನ ಬಗ್ಗೆ ಏನನ್ನೂ ಹೇಳದಿದ್ದರೆ ಅದು ಮುಂದುವರಿಯುತ್ತದೆ. ಪೈಥಾನ್‌ನಲ್ಲಿ ಏನನ್ನೂ ಹೇಳದಿದ್ದರೆ ಅದು ನಿಲ್ಲುತ್ತದೆ, ಎಷ್ಟನೆಯ ಸಾಲಿನಲ್ಲಿ ಏಕೆ ನಿಂತೆನೆಂದು ತಿಳಿಸುತ್ತದೆ. ಶೆಲ್ ಕೂಡ ಈ ವಿಷಯದಲ್ಲಿ ಬ್ಯಾಚಿನ ಕಡೆಗೇ ಇದೆ. ಬೇಡ, ನಿಲ್ಲು ಎಂದು ಅದಕ್ಕೆ ಮೊದಲೇ ಹೇಳಬೇಕು. ಬ್ಯಾಚಿನಿಂದ ಸ್ಕ್ರಿಪ್ಟಿಗೆ ಆದ ಸ್ಥಿತ್ಯಂತರದಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವುದು ಈ ತಿರುವು. ವೇಗ, ಆಜ್ಞೆಗಳ ಸಂಖ್ಯೆ ಇವೆಲ್ಲ ಅನಂತರದ ಮಾತು.

ವಿಂಡೋಸ್ ಲೋಕ ತಡವಾಗಿ ಎಚ್ಚೆತ್ತಿತು. 1993ರ ವಿಂಡೋಸ್ ಎನ್‌ಟಿಯೊಡನೆ ಬಂದ ಸಿಎಂಡಿ ಆ ಎರಡು ಆಂಪರ್‌ಸ್ಯಾಂಡ್‌ಗಳನ್ನು ತಂದಿತು. ಮುಂದಿನ ಆವೃತ್ತಿಗಳಲ್ಲಿ ಲೆಕ್ಕವೂ ಬಂತು. 1998ರಲ್ಲಿ ವಿಂಡೋಸ್ 98ರ ಜೊತೆ "ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್" ಬಂದು, ವಿಬಿಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದದ್ದನ್ನು ಯಾರು ಬೇಕಾದರೂ ಎರಡು ಸಲ ಕ್ಲಿಕ್ಕಿಸಿ ನಡೆಸಬಹುದಾಯಿತು. ಶಕ್ತಿ ಒಮ್ಮೆಗೇ ಕೈಗೆ ಸಿಕ್ಕಿತು, ಕಾವಲು ಸಿಗಲಿಲ್ಲ. 2000ದ ಮೇ 4ರಂದು ಫಿಲಿಪೀನ್ಸ್‌ನಿಂದ ಹೊರಟ "ಐ ಲವ್ ಯು" ಎಂಬ ಮಿಂಚಂಚೆ ಇದಕ್ಕೆ ಸಾಕ್ಷಿ. ಅದರ ಲಗತ್ತು ಪ್ರೇಮಪತ್ರದಂತೆ, ಸಾಧಾರಣ ಪಠ್ಯದ ಕಡತದಂತೆ ಕಾಣುತ್ತಿತ್ತು. ಹೆಸರಿನ ಕೊನೆಯ ತುಣುಕನ್ನು ವಿಂಡೋಸ್ ಮುಚ್ಚಿಡುತ್ತಿದ್ದ ಕಾರಣ ಅದು ವಿಬಿಸ್ಕ್ರಿಪ್ಟ್ ಎಂದು ತಿಳಿಯುತ್ತಲೇ ಇರಲಿಲ್ಲ. ತೆರೆದವರ ಚಿತ್ರಗಳ ಕಡತಗಳನ್ನು ಹಾಳುಮಾಡಿ, ಅವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನು ತಾನೇ ಕಳುಹಿಸಿಕೊಂಡಿತು. ಬ್ರಿಟಿಷ್ ಸಂಸತ್ತೇ ತನ್ನ ಅಂಚೆ ವ್ಯವಸ್ಥೆಯನ್ನು ನಿಲ್ಲಿಸಬೇಕಾಯಿತು. ಅಪರಾಧವನ್ನು ಹಿಡಿಯುವ ಕಾನೂನು ಅಂದು ಆ ದೇಶದಲ್ಲಿರಲಿಲ್ಲ. ಮರುತಿಂಗಳು, ಜೂನ್‌ನಲ್ಲಿ, ಕಾನೂನು ಬಂತು, ಆದರೆ ಹಿಂದಿನದಕ್ಕೆ ಅದು ಅನ್ವಯವಾಗಲಿಲ್ಲ.

ಜೆಫ್ರಿ ಸ್ನೋವರ್ ಎಂಬ ತಜ್ಞರು ಮೈಕ್ರೋಸಾಫ್ಟ್‌ನಲ್ಲಿ ಮೊದಲು ಯೂನಿಕ್ಸ್‌ನ ಸಲಕರಣೆಗಳನ್ನೇ ವಿಂಡೋಸ್‌ಗೆ ತರಲು ಯತ್ನಿಸಿ, ಅವು ಇಲ್ಲಿ ನಾಟುವುದಿಲ್ಲವೆಂದು ಕಂಡುಕೊಂಡರು. ಯೂನಿಕ್ಸ್‌ನಲ್ಲಿ ಬಹುತೇಕ ಎಲ್ಲವೂ ಪಠ್ಯದ ಕಡತ. ವಿಂಡೋಸ್‌ನಲ್ಲಿ ಹಾಗಿಲ್ಲ, ಅಲ್ಲಿ ಪ್ರತಿಯೊಂದು ಮಾಹಿತಿಯೂ ಗುಣಲಕ್ಷಣಗಳುಳ್ಳ ವಸ್ತು. ಈ ಅರಿವಿನಿಂದ 2002ರಲ್ಲಿ ಅವರು ಬರೆದ "ಮೊನಾಡ್" ಪ್ರಣಾಳಿಕೆ 2006ರ ನವೆಂಬರ್‌ನಲ್ಲಿ ಪವರ್‌ಶೆಲ್ ಆಗಿ ಹೊರಬಂತು. ಇದರ ಪೈಪಿನಲ್ಲಿ ಅಕ್ಷರಗಳ ಬದಲು ವಸ್ತುಗಳು ಹರಿಯುತ್ತವೆ.

ಇದರಿಂದೇನು ಲಾಭವೆಂದು ಬಂಧುಗಳು ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ಬ್ಯಾಚ್ ಕಡತದಲ್ಲಿ ಇಂದಿನ ದಿನಾಂಕವನ್ನು ಕೇಳಿದರೆ ಸಿಗುವುದು ಒಂದು ಅಕ್ಷರಮಾಲೆ. ಭಾರತದ ಹೊಂದಾಣಿಕೆಯ ಯಂತ್ರದಲ್ಲಿ ಅದು 05-04-2011 ಎಂದಿದ್ದರೆ, ಅಮೆರಿಕದ ಹೊಂದಾಣಿಕೆಯಲ್ಲಿ ಮೊದಲು ವಾರದ ಹೆಸರು, ಆಮೇಲೆ 04/05/2011. ಮೊದಲ ಎರಡಕ್ಷರ ದಿನ, ಮುಂದಿನದು ತಿಂಗಳು ಎಂದು ಸ್ಥಾನ ಎಣಿಸಿ ಬೆಂಗಳೂರಿನಲ್ಲಿ ಬರೆದ ಬ್ಯಾಚ್ ಕಡತ, ಅಮೆರಿಕದ ಹೊಂದಾಣಿಕೆಯ ಸರ್ವರಿಗೆ ಹೋದರೆ ವಾರದ ಹೆಸರನ್ನೇ ದಿನಾಂಕವೆಂದು ತಿಳಿದೀತು. ಹಳೆಯ ಪ್ರತಿಗಳನ್ನು ಅಳಿಸುವ ಕೆಲಸ ಅದರದಾಗಿದ್ದರೆ ಹೊಸದನ್ನು ಅಳಿಸೀತು. ಇಂಥ ಪೇಚಿಗೆ ಸಿಕ್ಕವರು ನಿಮ್ಮಲ್ಲೇ ಇದ್ದೀರೆಂದು ಬಲ್ಲೆ! ಪವರ್‌ಶೆಲ್‌ನಲ್ಲಿ ದಿನಾಂಕ ದಿನಾಂಕವಾಗಿಯೇ ಬರುತ್ತದೆ. ತಿಂಗಳು ಯಾವುದೆಂದು ಅದನ್ನೇ ಕೇಳಬಹುದು, ಮೂವತ್ತು ದಿನ ಹಿಂದಕ್ಕೆ ಹೋಗೆಂದರೆ ಹೋಗುತ್ತದೆ. ಪ್ರೇಮಪತ್ರದ ಪಾಠವೂ ಅಲ್ಲಿ ಕಾಣುತ್ತದೆ. ಅದರ ಸ್ಕ್ರಿಪ್ಟನ್ನು ಎರಡು ಸಲ ಕ್ಲಿಕ್ಕಿಸಿದರೆ ನಡೆಯುವುದಿಲ್ಲ, ನೋಟ್‌ಪ್ಯಾಡ್‌ನಲ್ಲಿ ತೆರೆದುಕೊಳ್ಳುವಂತೆಯೇ ಮೊದಲಿಂದ ಇಟ್ಟರು. ಆದರೂ ಅದು ನಿರ್ದೋಷಿಯೆಂದು ನಾನು ಹೇಳಲಾರೆ. ಅದರ ಅನೇಕ ಆಜ್ಞೆಗಳು ಎಡವಿದಾಗ ಕೆಂಪಕ್ಷರದಲ್ಲಿ ದೂರು ಹೇಳಿ, ಹಳೆಯ ಬ್ಯಾಚಿನ ಚಾಳಿಯಂತೆ ಮುಂದುವರಿದುಬಿಡುತ್ತವೆ. ನಿಲ್ಲೆಂದು ನಾವೇ ಹೇಳಬೇಕು.

2016ರ ಆಗಸ್ಟ್‌ನಲ್ಲಿ ಪವರ್‌ಶೆಲ್ ಮುಕ್ತ ತಂತ್ರಾಂಶವಾಗಿ ಲಿನಕ್ಸ್‌ಗೂ ಹೋಯಿತು. 2023ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ವಿಬಿಸ್ಕ್ರಿಪ್ಟನ್ನು ಕ್ರಮೇಣ ತೆಗೆದುಹಾಕುವುದಾಗಿ ಘೋಷಿಸಿತು. ನಡುವೆ ಬಂದ ಮಗ ಹೊರಟುನಿಂತ, ಮುದುಕ ತಂದೆ ಮಾತ್ರ ಗಟ್ಟಿಯಾಗಿದ್ದಾನೆ: ಬ್ಯಾಚ್ ಕಡತ ವಿಂಡೋಸ್ 11ರಲ್ಲೂ ನಡೆಯುತ್ತದೆ. ನನಗೆ ಅದರ ಮೇಲೆ ದ್ವೇಷವಿಲ್ಲ. ಮೂರು ಸಾಲಿನ ಬ್ಯಾಚ್ ಕಡತವನ್ನು ಕಚೇರಿಯ ಗುಮಾಸ್ತರೂ ಓದಿ ಅರ್ಥಮಾಡಿಕೊಳ್ಳಬಲ್ಲರು. ಇನ್ನೂರು ಸಾಲಿನ ಸ್ಕ್ರಿಪ್ಟನ್ನು ಓದಬಲ್ಲವನು ಅದನ್ನು ಬರೆದವನು, ಅವನೂ ಆರು ತಿಂಗಳವರೆಗೆ ಮಾತ್ರ. ಇದೂ ಒಂದು ನಷ್ಟವೇ. ಒಂದು ತಂತ್ರಾಂಶವನ್ನು ಎಬ್ಬಿಸಿ ಸುಮ್ಮನಾಗುವ ಕೆಲಸಕ್ಕೆ ಬ್ಯಾಚ್ ಸಾಕು. ಅಳಿಸುವ ಆಜ್ಞೆಯೊಂದು ಎಲ್ಲಿ ಬರುತ್ತದೆಯೋ ಅಲ್ಲಿಂದ ಮುಂದಕ್ಕೆ ಬೇರೆ ಸಲಕರಣೆಯನ್ನು ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ.

ಕನ್ನಡಿಗರಿಗೆ ಈ ಸ್ಥಿತ್ಯಂತರ ಮುಟ್ಟಿದ ಇನ್ನೊಂದು ಜಾಗವಿದೆ. ಕನ್ನಡ ಗಣಕ ಪರಿಷತ್ತಿನ "ನುಡಿ"ಯಲ್ಲಿಯೂ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ "ಬರಹ"ದಲ್ಲಿಯೂ ನಾವು ವರ್ಷಗಟ್ಟಲೆ ಬರೆದೆವು. ಅಂದಿನ ಆ ಕಡತಗಳ ಒಳಗೆ ಇದ್ದದ್ದು ಕನ್ನಡ ಅಕ್ಷರಗಳ ಆಕಾರದ ತುಣುಕುಗಳು. ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾದ ಜಾಗಗಳಲ್ಲಿ ಅವು ಕುಳಿತಿದ್ದವು. 1991ರ ಯೂನಿಕೋಡ್‌ನಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿ "ತುಂಗಾ" ಅಕ್ಷರಶೈಲಿಯೊಡನೆ ಅದನ್ನು ಮೇಜಿನ ಮೇಲೆ ತಂದಿತು. ಹಳೆಯ ಬರಹಗಳನ್ನು ಅದಕ್ಕೆ ಸಾಗಿಸುವುದು ಹೇಗೆ? ಒಂದು ಚಿಹ್ನೆಗೆ ಇನ್ನೊಂದನ್ನು ಬದಲಿಸಿದರೆ ಮುಗಿಯುವ ಕೆಲಸವಲ್ಲ ಅದು. ನಮ್ಮ ನಾಡಿನ ಹೆಸರನ್ನೇ ನೋಡಿ. ಹಳೆಯ ಪದ್ಧತಿಯಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ "ಕ", "ನಾ", ಅನಂತರ ಒಂಬತ್ತರಂತೆ ಕಾಣುವ ಅರ್ಕಾವತ್ತು, "ಟ", "ಕ" ಎಂದು ಬರೆದಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಅರ್ಧ ರಕಾರ "ನಾ"ಗಿಂತ ಮೊದಲು ಬರಬೇಕು. ಅರ್ಕಾವತ್ತು ಕಂಡೊಡನೆ ಹಿಂದಿರುಗಿ, ಒತ್ತಕ್ಷರ, ಕಾಗುಣಿತಗಳನ್ನೆಲ್ಲ ದಾಟಿ, ಆ ಅಕ್ಷರದ ತಲೆಬಾಗಿಲಿನಲ್ಲಿ "ರ್" ಅನ್ನು ಕೂರಿಸಬೇಕು. ಬ್ಯಾಚ್ ಕಡತದಿಂದ ಇದು ಆಗುವ ಮಾತಲ್ಲ. ಅದರ ಕಪ್ಪು ಪರದೆಗೆ ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸುವುದೂ ಬರುತ್ತಿರಲಿಲ್ಲ. ಪರ್ಲ್‌ಗೆ, ಪೈಥಾನ್‌ಗೆ ಇದು ಕೆಲವೇ ಸಾಲುಗಳ ಕೆಲಸ. ಅದರಲ್ಲೂ 2008ರ ಪೈಥಾನ್ 3ರಲ್ಲಿ ಪಠ್ಯವೆಂದರೆ ಮೊದಲಿಂದಲೇ ಯೂನಿಕೋಡ್.

ನನ್ನ ಪಾಠಟಿಪ್ಪಣಿಗಳು ನುಡಿಯಲ್ಲಿ ಹೂತುಹೋಗಿದ್ದವು. ಹಳೆಯ ವಿದ್ಯಾರ್ಥಿನಿಯೊಬ್ಬಳು ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದು ಅವನ್ನೆಲ್ಲ ಯೂನಿಕೋಡ್‌ಗೆ ತಂದುಕೊಟ್ಟಳು. ಮೂಲ ಕಡತಗಳನ್ನು ಅದು ಮುಟ್ಟುವುದಿಲ್ಲ, ಹೊಸ ಪ್ರತಿಯನ್ನು ಬೇರೆ ಜಾಗದಲ್ಲಿ ಬರೆಯುತ್ತದೆ. ತನ್ನ ಕೋಷ್ಟಕದಲ್ಲಿಲ್ಲದ ಚಿಹ್ನೆ ಎದುರಾದರೆ ಊಹೆ ಮಾಡುವುದಿಲ್ಲ. ಕಡತದ ಹೆಸರು ಮತ್ತು ಸಾಲಿನ ಸಂಖ್ಯೆಯನ್ನು ಒಂದು ಪಟ್ಟಿಯಲ್ಲಿ ಗುರುತಿಸಿ ಮುಂದಿನ ಕಡತಕ್ಕೆ ಹೋಗುತ್ತದೆ. ಆ ಪಟ್ಟಿಯಲ್ಲಿ ಹೆಚ್ಚು ಸಾಲುಗಳಿದ್ದದ್ದು ಹಲ್ಮಿಡಿ ಶಾಸನದ ಪಾಠದ್ದು. ಹಳಗನ್ನಡದ ೞಕಾರವನ್ನು ನಾನು ಅಂದು ಬೇರೊಂದು ಅಕ್ಷರಶೈಲಿಯಿಂದ ತಂದು ಸೇರಿಸಿದ್ದೆ, ಅದು ಕೋಷ್ಟಕಕ್ಕೆ ಗೊತ್ತಿರಲಿಲ್ಲ. ಯೂನಿಕೋಡ್‌ನಲ್ಲಿ ಅದಕ್ಕೆ ಸ್ಥಾನವಿದೆ. ಆದರೆ ಹೆಸರಿಡುವಾಗ ಯಾರೋ ಅದನ್ನು "ಫ" ಎಂದು ದಾಖಲಿಸಿಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದುಪಡಿಯ ಹೆಸರೊಂದನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ಹುಡುಕಲು ಆಕೆಗೆ ಒಂದು ಸಂಜೆ ಹಿಡಿಯಿತಂತೆ. ಕೋಷ್ಟಕಕ್ಕೆ ಒಂದು ಸಾಲು ಸೇರಿಸಿ ಮತ್ತೆ ನಡೆಸಿದ ಮೇಲೆ ಹಲ್ಮಿಡಿಯ ಪಾಠ ಪೂರ್ಣವಾಗಿ ಬಂದಿದೆ. ಪಟ್ಟಿಯಲ್ಲಿ ಇನ್ನು ಉಳಿದಿರುವುದು ಎಂಟನೆಯ ತರಗತಿಯ ಕದಂಬರ ಪಾಠದ ಏಳು ಸಾಲುಗಳು. ಅವನ್ನು ಮೂಲದ ಮುದ್ರಿತ ಪ್ರತಿಯೊಡನೆ ಹೋಲಿಸಿ ನೋಡುತ್ತಿದ್ದೇನೆ.